ಗುಳಿಗೆ ಹೆಚ್ಚಾಗಿವೆ

ಶಿಗ್ಗಾಂವಿ
ತಾ. ೧೬-೧೨-೧೯೬೨, ರವಿವಾರ

ಪ್ರೀತಿಯ ಕರಬಸು,

ಹೇಗಿದ್ದೀ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ಥಂಡಿ ಬಿತ್ತೆಂದರೆ ನಿನ್ನ ಎಡಗಿವಿ ಸೋರುತ್ತದೆ, ಈ ಸಲವೂ ಸುರುವಾಗಿರಬೇಕು. ಸ್ನಾನ ಮಾಡುವಾಗ ಕಿವಿಗೆ ಅರಳೆ ಇಟ್ಟುಕೋ ಎಂದು ಬರೆಯಹೊರಟೆ. ದಿನವೆಲ್ಲ ಅರಳೆಯ ಅಂಡಿಗೆ ಹೊರುವವನಿಗೆ ಅದನ್ನು ಹೇಗೆ ಬರೆಯುವುದೆಂದು ಕೈ ತಡೆಯಿತು. ಗಿರಣಿಯಲ್ಲಿ ಧೂಳು ಬಹಳವಂತೆ. ಮೂಗು ಬಾಯಿಗೆ ವಸ್ತ್ರ ಕಟ್ಟಿಕೋ. ಕೆಮ್ಮು ಬಂದರೆ ಏನು ಮಾಡಬೇಕೆಂದು ಕಂಪೌಂಡರನಾಗಿದ್ದ ನಿನಗೆ ನಾನೇನು ಹೇಳಲಿ.

ನಿನ್ನ ಕಾರ್ಡು ಬಂದು ಹನ್ನೊಂದು ದಿನವಾಯಿತು. ಒಂದು ಬದಿಗೆ ನನ್ನ ವಿಳಾಸ, ಇನ್ನೊಂದು ಬದಿಗೆ ದಾವಣಗೆರೆಯ ಗಿರಣಿಯ ಹಮಾಲರ ಖೋಲಿಯ ವಿಳಾಸ ಮತ್ತು ಒಂದೇ ಒಂದು ಶಬ್ದ: ಕ್ಷೇಮ. ಮಿಕ್ಕಿದ್ದೆಲ್ಲ ಖಾಲಿ. ಆ ಶಬ್ದವನ್ನು ಎಷ್ಟು ಸಲ ನೋಡಿದೆನೋ. ಹನ್ನೊಂದನೆಯ ಇಯತ್ತೆಯಲ್ಲಿ ನೀನು ಅದನ್ನು 'ಕೇಮ' ಎಂದು ಬರೆಯುತ್ತಿದ್ದೆ, ನೆನಪಿದೆಯೇ? ಒತ್ತಕ್ಷರ ಕಂಡರೆ ನಿನಗೆ ದಾರಿಯಲ್ಲಿ ಬಿದ್ದ ಕಲ್ಲು ಕಂಡಂತೆ, ದಾಟಿ ಹೋಗುತ್ತಿದ್ದೆ. ನಾನು ಕೆಂಪು ಮಸಿಯಲ್ಲಿ ಗುಂಡು ಸುತ್ತಿದರೆ ಮನೆಗೆ ಬಂದು, "ಒತ್ತು ಬಿಟ್ಟರ ಏನಾತಕ್ಕ, ಓದಾವಗ ತಿಳೀತೈತಲ್ಲ. ರೋಗಿ ಏನ ಕಾಗುಣಿತ ಕೇಳತಾನೇನು?" ಎಂದು ನಗಿಸುತ್ತಿದ್ದೆ. ಈ ಕಾರ್ಡಿನಲ್ಲಿ ಕಕಾರದ ಅಡಿಯಲ್ಲಿ ಷಕಾರ ನೆಟ್ಟಗೆ ಕೂತಿದೆ. ಯಾವಾಗ ಕಲಿತೆಯೋ ನನಗೆ ಗೊತ್ತೇ ಆಗಲಿಲ್ಲ.

ಹಾನಗಲ್ಲಿನಲ್ಲಿ ಭತ್ತದ ಕೊಯ್ಲು ಮುಗಿದು ಒಕ್ಕಲಿ ನಡೆದಿದೆ. ಹೋದ ವಾರ ಅಪ್ಪನಿಗೆ ನಿನ್ನ ಕಾರ್ಡು ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. ನಾನು ನಿನಗೆ ಪತ್ರ ಬರೆಯುತ್ತೇನೆ, ಏನು ಹೇಳಲಿ ಎಂದು ಕೇಳಿದರೆ, "ಕಣದಾಗ ಮಂದಿ ಸಾಲವಲ್ರು ಅಂತ ಬರಿ. ಬ್ಯಾರೆ ಏನೂ ಬರೀಬ್ಯಾಡ" ಎಂದರು. ಬೇರೆ ಏನೂ ಬರೆದಿಲ್ಲ ನೋಡು. ನಿನ್ನ ಸೈಕಲ್ಲನ್ನು ದವಾಖಾನೆಯಿಂದ ತರಿಸಿ ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿ, ಮೇಲೆ ಗೋಣಿತಟ್ಟು ಹೊದಿಸಿದ್ದಾರೆ. ಯಾರಿಗೂ ಮುಟ್ಟಗೊಡುವುದಿಲ್ಲ.

ಸವಣೂರಿನ ಟಾಂಗಾದ ರಾಜೇಸಾಬ ಇಲ್ಲಿಯ ಸಂತೆಯಲ್ಲಿ ಸಿಕ್ಕಿದ್ದ. ನನ್ನನ್ನು ಕಂಡು ತಾನೇ ಹತ್ತಿರ ಬಂದ. "ಅಕ್ಕೋರ, ನಿಮ್ಮ ತಮ್ಮಗ ಯಲವಿಗಿ ಸ್ಟೇಶನ್ನಿಗೆ ಬಿಟ್ಟಾಂವ ನಾನರೀ. ದಾರ್ಯಾಗ ಕುದರಿ ಮುಗ್ಗರಿಸಿ ಟಾಂಗಾ ವಾಲಿತು. ಆಗರ ಏನರ ಅಂತಾರಂತ ಮಾಡಿದ್ದೆ. ಅನಲಿಲ್ರಿ" ಎಂದ. ಆಮೇಲೆ ಒಂದು ಕಟ್ಟು ಎಲೆ ಕೈಯಲ್ಲಿಟ್ಟು ಹೋದ. ನಾನು ಎಲೆ ಹಾಕುವುದಿಲ್ಲವೆಂದು ಹೇಳಲು ನಾಚಿಕೆಯಾಗಿ ಮನೆಗೆ ತಂದೆ. ಒಣಗಿ ಹೋದವು.

ಇನ್ನು ನಮ್ಮ ಶಾಲೆಯ ಸುದ್ದಿ. ಅದನ್ನು ಹೇಳದೆ ಮುಂದಿನದನ್ನು ಹೇಳಲು ಬರುವುದಿಲ್ಲ, ಸ್ವಲ್ಪ ತಾಳು. ಈ ವರ್ಷದ ಹನ್ನೊಂದನೆಯ ಇಯತ್ತೆ ನಿನ್ನ ವರ್ಷದ ಹಾಗೆಯೇ ಇದೆ. ಮೂವತ್ತೆಂಟು ಹುಡುಗರು, ಒಬ್ಬೊಬ್ಬನಿಗೂ ಒಂದೊಂದು ನೌಕರಿ ಆಗಲೇ ಗೊತ್ತಾಗಿಬಿಟ್ಟಿದೆ. ನಾಲ್ವರು ಕಂಪೌಂಡರು, ಆರು ಜನ ತಲಾಠಿ, ಚೀನದವರ ಯುದ್ಧ ಸುರುವಾದ ಮೇಲೆ ಏಳು ಜನ ಮಿಲಿಟರಿ. ಹೊಳಬಸಪ್ಪನೆಂಬ ಹುಡುಗ ಓವರ್ಸೀಯರ್ ಆಗಿ ಸೇತುವೆ ಕಟ್ಟಿಸುವವನು. ಗಣಿತ, ವಿಜ್ಞಾನಕ್ಕೆ ಕಿವಿ ನೆಟ್ಟಗಾಗುತ್ತವೆ. ನನ್ನ ತಾಸು ಬಂತೆಂದರೆ ಕನ್ನಡ ಪುಸ್ತಕದ ಒಳಗೆ ಬೀಜಗಣಿತ ತೆರೆದುಕೊಳ್ಳುತ್ತದೆ. ಒಂದು ದಿನ ಧೈರ್ಯ ಮಾಡಿ, ಇದನ್ನೂ ಓದಿರಪ್ಪ, ಮುಂದೆ ಬೇಕಾಗುತ್ತದೆ ಎಂದೆ. ಹೊಳಬಸಪ್ಪ ಎದ್ದು ನಿಂತು ಬಹಳ ಮರ್ಯಾದೆಯಿಂದ, "ಪೂಲು ಕಟ್ಟೂದಕ್ಕ ವ್ಯಾಕರಣ ಬೇಕೇನ್ರಿ ಅಕ್ಕೋರ?" ಎಂದು ಕೇಳಿದ. ಹಿಂದಿನ ಬೆಂಚಿನಿಂದ ಒಬ್ಬ, "ಸಂಧಿ ಬೇಕಲ್ಲಲೇ, ಕಲ್ಲಿಗೆ ಕಲ್ಲು ಕೂಡಸಾಕ" ಎಂದ. ವರ್ಗವೆಲ್ಲ ನಕ್ಕಿತು. ನಾನೂ ನಕ್ಕೆ. ನಕ್ಕು ಹಲಗೆಯ ಕಡೆ ತಿರುಗಿಬಿಟ್ಟೆ. ನಾನು ಯಾವಾಗಲೂ ಹಲಗೆಯ ಕಡೆ ತಿರುಗುವವಳೇ ಅಲ್ಲವೇ.

ನಿನ್ನ ವರ್ಷದಲ್ಲೂ ಹಾಗೇ ಮಾಡಿದೆ. ನಾನಾಗ ಹೊಸದಾಗಿ ಧಾರವಾಡದಿಂದ ಬಿ.ಎ. ಮುಗಿಸಿ ಬಂದವಳು, ನೀನು ನನ್ನ ವರ್ಗದಲ್ಲಿ ಕೂಡುವ ನನ್ನ ತಮ್ಮ. ಮೊದಲ ದಿನ ಹಾಜರಿ ಕರೆದಾಗ "ಹಾಂ, ಅಕ್ಕ" ಎಂದೆ. ಹುಡುಗರು ನಕ್ಕರು, ನಿನ್ನ ಕಿವಿ ಕೆಂಪಾದವು. ಅಂದಿನಿಂದ ಮನೆಯಲ್ಲಿ ಕೂಡ ಮೂರು ದಿನ "ಅಕ್ಕೋರ, ರೊಟ್ಟಿ ಹಾಕ್ರಿ" ಎಂದು ಕಾಡಿದೆ. ಆ ವರ್ಷದ ಒಂದು ಮಧ್ಯಾಹ್ನ ನಾನು ಹೆಂಗಸರ ಮಾತಿನ ಮೇಲೆ ಪಾಠ ಮಾಡಿದ್ದೆ. ಪುಸ್ತಕದಲ್ಲಿ ಇರಲಿಲ್ಲ, ನಾನೇ ಸೇರಿಸಿಕೊಂಡದ್ದು. ನಮ್ಮವರು ಕೆಟ್ಟದ್ದನ್ನು ಬಾಯಿಂದ ಆಡುವುದಿಲ್ಲ. ದೀಪ ಆರಿತು ಎನ್ನದೆ ದೊಡ್ಡದಾಯಿತು ಎನ್ನುತ್ತಾರೆ, ಬಳೆ ಒಡೆದರೆ ಹೆಚ್ಚಾಯಿತು ಎನ್ನುತ್ತಾರೆ, ಮನೆಯಲ್ಲಿ ಅಕ್ಕಿ ಎಣ್ಣೆ ತೀರಿದರೂ ಹೆಚ್ಚಾಗಿದೆ ಎನ್ನುತ್ತಾರೆ, ಎಂದು ಹೇಳುತ್ತ ಬೆಂಚುಗಳ ನಡುವೆ ನಡೆದು ಬಂದೆ. ನೀನು ಮೂರನೆಯ ಬೆಂಚಿನಲ್ಲಿ ಕನ್ನಡ ಪುಸ್ತಕದ ಅಡಿಯಲ್ಲಿ ರಸಾಯನಶಾಸ್ತ್ರದ ವಹಿ ಇಟ್ಟುಕೊಂಡು ಸೂತ್ರ ಬರೆಯುತ್ತಿದ್ದೆ. ನಾನು ಕಂಡೆ. ನಾನು ಕಂಡದ್ದನ್ನು ನೀನೂ ಕಂಡೆ. ತಮ್ಮನನ್ನು ಎಲ್ಲರೆದುರು ಬೈಯುವುದು ಹೇಗೆಂದು ದಾಟಿ ಹೋದೆ.

ನಿನಗೆ ಆ ಮಾತು ಬೇರೆ ಎಲ್ಲಿ ತಿಳಿಯಬೇಕಿತ್ತು ಹೇಳು. ಅವ್ವ ಹೋದಾಗ ನಿನಗೆ ಎರಡು ವರ್ಷ. ನಾನು ಮುದುಕಿ ಆಯಿಯ ಮಗ್ಗುಲಲ್ಲಿ ಒಲೆಯ ಮುಂದೆ ಬೆಳೆದೆ. ನಿನ್ನನ್ನು ಆರು ವರ್ಷಕ್ಕೆ ಮಠದ ಬೋರ್ಡಿಂಗಿಗೆ ಹಾಕಿದರು. ಅಲ್ಲಿ ಅಡಿಗೆಯವನೂ ಗಂಡಸು, ಬಡಿಸುವವನೂ ಗಂಡಸು. ಅನ್ನ ತೀರಿದರೆ ತೀರಿತು ಎನ್ನುವ ಜಾಗ ಅದು.

ಈಗ ಆ ಚೀಟಿಯ ಮಾತು. ಅದರ ಅಕ್ಷರ ನನ್ನದೆಂದು ನೋಡಿದ ಕೂಡಲೇ ನಿನಗೆ ಗೊತ್ತಾಗಿರುತ್ತದೆ. ಆದರೂ ಡಾಕ್ಟರ ಮುಂದೆ ನೀನು ನನ್ನ ಹೆಸರು ಹೇಳಲಿಲ್ಲ. "ಗುಳಿಗಿ ಹೆಚ್ಚಾಗ್ಯಾವು ಅಂತ ಚೀಟಿ ಬಂತು, ಅದಕ್ಕ ಕೊಡಲಿಲ್ಲ" ಎಂದಷ್ಟೇ ಹೇಳಿ ಮರುದಿನ ಹೊರಟುಹೋದೆ. ಚೀಟಿ ಹೇಗೆ ಹುಟ್ಟಿತೆಂಬುದು ನಿನಗೆ ತಿಳಿದಿಲ್ಲ. ಅದನ್ನು ಹೇಳಲೆಂದೇ ಕೂತಿದ್ದೇನೆ.

ದೀಪಾವಳಿಯ ಸೂಟಿಯಲ್ಲಿ ಸಾವಂತ್ರಿಗೆ ಹೆರಿಗೆಯಾಯಿತೆಂದು ಕೇಳಿ ಅಬಲೂರಿನ ಆಚೆಯ ಅವಳ ಗಂಡನ ಮನೆಗೆ ಹೋಗಿದ್ದೆ. ತಾಯಿ ಇಲ್ಲದವಳು, ಬಾಣಂತನಕ್ಕೆ ತವರು ಇಲ್ಲ, ಹಾನಗಲ್ಲಿನ ಓಣಿಯಿಂದ ನಾನಾದರೂ ಒಂದು ಕುಬಸ ತೆಗೆದುಕೊಂಡು ಹೋಗೋಣವೆಂದು. ನೀನು ಚಿಕ್ಕವನಿದ್ದಾಗ ಅವಳ ಸೊಂಟದ ಮೇಲೆಯೇ ಇರುತ್ತಿದ್ದೆ. ನಾಲ್ಕನೆಯ ಇಯತ್ತೆಗೆ ಅವಳನ್ನು ಶಾಲೆ ಬಿಡಿಸಿದ ಮೇಲೂ ನಾನು ನನ್ನ ಪಾಟಿ ಒಯ್ದು ಅವಳಿಗೆ ಓದು ಹೇಳುತ್ತಿದ್ದೆ. ಹೋಗಿ ನೋಡಿದರೆ ಜ್ವರ. ಹಿಂದಿನ ಗುರುವಾರ ಡಾಕ್ಟರು ಬಂದು ತಮ್ಮ ಚೀಲದಲ್ಲಿ ಇದ್ದಷ್ಟು ಗುಳಿಗೆ ಕೊಟ್ಟು, ವಾರವೆಲ್ಲ ತಪ್ಪಿಸದೆ ಕೊಡಬೇಕು, ಸಾಲದಿದ್ದರೆ ದವಾಖಾನೆಯಿಂದ ತರಿಸಿರಿ, ಮುಂದಿನ ಗುರುವಾರ ಮತ್ತೆ ಬರುತ್ತೇನೆ ಎಂದು ಹೇಳಿದ್ದರಂತೆ. ಜ್ವರ ಇಳಿದಿತ್ತು. ರವಿವಾರ ಸಂಜೆ ಅವಳು ಎದ್ದು ಕೂತು ಗಂಜಿ ಕುಡಿದು, ನನ್ನ ಹೆರಳು ಕಡಿಮೆಯಾಗಿದೆಯೆಂದು ಗೇಲಿ ಮಾಡಿದಳು. "ಬಿ.ಎ. ಆಗಿ ಕೂದಲಾ ಉದರಿಸಿಕೊಂಡಿ. ನಾ ನೋಡು, ನಾಕನೇತ್ತೆ, ಮೊಣಕಾಲತನಕ ಅದಾವು" ಎಂದಳು.

ಆ ಹೊತ್ತಿಗೆ ಗುಳಿಗೆ ತೀರಿದ್ದವು. ಅತ್ತೆ ಶಿವಬಸವ್ವ, ನಾಳೆ ಆಳು ಲಕ್ಕಪ್ಪನ ಕೈಯಲ್ಲಿ ದವಾಖಾನೆಗೆ ಒಂದು ಚೀಟಿ ಬರೆದು ಕೊಡು, ಅವನಿಗೆ ಕಿವಿ ಕೇಳುವುದಿಲ್ಲ, ಬಾಯಿಮಾತು ಹೇಳಿ ಕಳಿಸಿದರೆ ಒಂದಕ್ಕೊಂದು ಮಾಡಿಕೊಂಡು ಬರುತ್ತಾನೆ ಎಂದರು. ನಾನು ಅಲ್ಲೇ ತೊಟ್ಟಿಲ ಪಕ್ಕದಲ್ಲಿ ಕೂತು 'ಸಾವಂತ್ರವ್ವನ ಗುಳಿಗೆ ಮುಗಿದಿವೆ, ಕೊಟ್ಟು ಕಳಿಸುವುದು' ಎಂದು ಬರೆದು ಓದಿ ಹೇಳಿದೆ. ಶಿವಬಸವ್ವ ಬಂದು ನನ್ನ ಬಾಯಿಯ ಮೇಲೆ ಕೈಯಿಟ್ಟರು. "ಬಾಣಂತಿ ಖೋಲ್ಯಾಗ ಮುಗದಾವು ಅನಬಾರದವ್ವಾ. ಹೆಸರು ಬರದು ಅದರ ಮಗ್ಗಲಕ ಮುಗದಾವು ಅಂತ ಬರಿತಾರನು? ಹೆಚ್ಚಾಗ್ಯಾವು ಅಂತ ಬರಿ" ಎಂದರು. ಹಾಗೆ ಬರೆದರೆ ದವಾಖಾನೆಯಲ್ಲಿ ತಿಳಿಯುವುದಿಲ್ಲ ಎಂದು ನನಗೆ ಒಂದು ಕ್ಷಣ ಅನ್ನಿಸಿತ್ತು ಕರಬಸು. ಅನ್ನಿಸಲಿಲ್ಲವೆಂದು ಸುಳ್ಳು ಹೇಳಲಾರೆ. ಆದರೆ ಹಿರಿಯರಿಗೆ ಎದುರು ಮಾತಾಡಲು ಬಾಯಿ ಬರಲಿಲ್ಲ. ಅಷ್ಟೇ ಅಲ್ಲ, ಆ ಮಾತು ಕೇಳಿ ನನಗೆ ಸಂತೋಷವೂ ಆಗಿತ್ತು. ಹೆಸರಿನ ಪಕ್ಕಕ್ಕೆ ಕೆಟ್ಟ ಶಬ್ದ ಕೂಡ ಕೂಡಬಾರದೆನ್ನುವ ಮನಸ್ಸು ಎಷ್ಟು ಚೆಂದವೆಂದು, ಆ ಮಾತನ್ನು ಚೀಟಿಗಿಂತ ಮೊದಲು ನನ್ನ ಟಿಪ್ಪಣಿಯ ವಹಿಯಲ್ಲಿ ಬರೆದುಕೊಂಡೆ. ಆಮೇಲೆ ಮೊದಲ ಚೀಟಿ ಹರಿದು ಹೊಸದು ಬರೆದೆ: 'ಸಾವಂತ್ರವ್ವನ ಗುಳಿಗೆ ಹೆಚ್ಚಾಗಿವೆ.' ಕೊಟ್ಟು ಕಳಿಸುವುದು ಎಂಬುದನ್ನು ಎರಡನೆಯ ಸಲ ಬರೆಯಲೇ ಇಲ್ಲ. ಗುಳಿಗೆ ಹೆಚ್ಚಾಗಿವೆ ಎಂದ ಮೇಲೆ ಅದೂ ತಾನೇ ತಿಳಿಯುತ್ತದೆಂದು ಬಿಟ್ಟೆನೋ, ವಾಕ್ಯ ಚಿಕ್ಕದಾಗಿ ಚೆಂದ ಕಂಡಿತೆಂದು ಬಿಟ್ಟೆನೋ.

ಮರುದಿನ ನಸುಕಿನಲ್ಲಿ ಮೊದಲ ಮೋಟಾರಿಗೆ ನಾನು ಹೊರಟುಬಂದೆ. ಮಂಗಳವಾರ ಶಾಲೆ ಸುರುವಾಗುವುದಿತ್ತು. ಮೋಟಾರು ಹತ್ತುವಾಗ ಲಕ್ಕಪ್ಪ ಚೀಟಿಯನ್ನು ರುಮಾಲಿನ ಅಂಚಿಗೆ ಸಿಕ್ಕಿಸಿಕೊಂಡು ನಿನ್ನ ದವಾಖಾನೆಯ ದಾರಿ ಹಿಡಿದದ್ದನ್ನು ನೋಡಿದೆ. ಮಧ್ಯಾಹ್ನ ಅವನು ಗುಳಿಗೆಯಿಲ್ಲದೆ ಬಂದನಂತೆ. ಗುರುವಾರ ಡಾಕ್ಟರು ಹೇಗೂ ಬರುತ್ತಾರಲ್ಲ, ಕಂಪೌಂಡರನೇ ಕೊಡದೆ ಕಳಿಸಿದ್ದಾನೆಂದ ಮೇಲೆ ಬೇಡವೇ ಇರಬೇಕು ಎಂದು ಅವರು ಸುಮ್ಮನಾದರಂತೆ. ಮಂಗಳವಾರ ಜ್ವರ ಏರಿತು. ಬುಧವಾರ ಮಾತು ನಿಂತಿತು. ಗುರುವಾರ ಡಾಕ್ಟರ ಗಾಡಿ ಊರೊಳಗೆ ಬರುವ ಹೊತ್ತಿಗೆ ಗಂಡ ದ್ಯಾಮಪ್ಪ ಹೊರಗೆ ಕಟ್ಟೆಯ ಮೇಲೆ ತಲೆಗೆ ಕೈ ಕೊಟ್ಟು ಕೂತಿದ್ದನಂತೆ. ನಾನು ಮಣ್ಣಿಗೆ ಹೋದೆ. ನಿನ್ನನ್ನು ಹುಡುಕಿದೆ, ನೀನು ಆಗಲೇ ಇರಲಿಲ್ಲ. ಕೂಸು ಬದುಕಿದೆ. ಹೆಣ್ಣು. ಆಡಿನ ಹಾಲು ಹಾಕುತ್ತಿದ್ದಾರೆ.

ಇದನ್ನು ಈಗ ಬರೆಯಲು ಒಂದು ಕಾರಣವಿದೆ. ನಮ್ಮ ಹೆಡ್ಮಾಸ್ತರ ಮಲ್ಲೇಶಪ್ಪನವರಿಗೆ ಹಿರೇಕೆರೂರಿನಲ್ಲಿ ನಿಮ್ಮ ಡಾಕ್ಟರು ಭೆಟ್ಟಿಯಾಗಿ ಎಲ್ಲ ಹೇಳಿದ್ದಾರೆ. ಚೀಟಿ ಬರೆದವರು ಯಾರೆಂಬುದೊಂದು ಬಿಟ್ಟು. ಹೋದ ವಾರ ನನ್ನನ್ನು ಕರೆದು ಕೂರಿಸಿ, ಬಹಳ ಮೆತ್ತಗೆ, "ಮನಸಿಗೆ ಹಚ್ಚಿಕೋಬ್ಯಾಡ್ರಿ. ಆದರ ಇದರೊಳಗ ನಮ್ಮ ಹುಡುಗರಿಗೆ ಒಂದು ಪಾಠ ಐತಿ. ಕನ್ನಡ ಯಾಕ ಅಂತ ಕೇಳತಾವಲ್ಲ ಇವು, ಇದನ್ನ ಹೇಳ್ರಿ. ಹೆಸರು ಬ್ಯಾಡ. ಒಬ್ಬ ಕಂಪೌಂಡರ ಇದ್ದ ಅನ್ರಿ. ಭಾಷೆ ಬರದ ಕಂಪೌಂಡರ" ಎಂದರು. ಅವರು ಕೆಟ್ಟವರಲ್ಲ. ಮೂವತ್ತೆಂಟು ಹುಡುಗರ ಮೇಲಿನ ಕಾಳಜಿಯಿಂದಲೇ ಅಂದರು. ನಾನು ಎಂದಿನಂತೆ ಆಗಲಿ ಸರ್ ಎಂದು ಎದ್ದು ಬಂದೆ.

ಶುಕ್ರವಾರ ಮೂರನೆಯ ತಾಸು. ಒಬ್ಬ ಕಂಪೌಂಡರ ಇದ್ದ, ಎಂದು ಸುರುಮಾಡಿದೆ. ಹುಡುಗರು ತಲೆ ಎತ್ತಿದರು. ಕಂಪೌಂಡರ ಆಗಬೇಕೆಂದಿರುವ ನಾಲ್ವರು ಬೀಜಗಣಿತ ಮುಚ್ಚಿದರು. ಮುಂದಿನ ವಾಕ್ಯ ನನ್ನ ಬಾಯಿಗೆ ಬಂತು, ಅವನಿಗೆ ಕನ್ನಡ ಬರುತ್ತಿರಲಿಲ್ಲ ಎಂದು. ಅದರ ಬದಲು ನಿನ್ನ ಕಿವಿ ಕೆಂಪಾದದ್ದು ಕಂಡಿತು. ಹಲಗೆಯ ಕಡೆ ತಿರುಗಿದೆ. ಈ ಸಲ ಅಲ್ಲಿ ಬರೆದೆ, 'ಗುಳಿಗೆ ಹೆಚ್ಚಾಗಿವೆ'. ಬರೆದು ತಿರುಗಿ ನಿಂತು, ಇದನ್ನು ಬರೆದವಳು ನಾನು, ಓದಿದವನು ನನ್ನ ತಮ್ಮ, ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ನಾನು ಅಷ್ಟು ಹೊತ್ತು ತಲೆ ತಗ್ಗಿಸದೆ ಮಾತಾಡಿದ್ದು ಅದೇ ಮೊದಲು. ಕೊನೆಗೆ ಹೊಳಬಸಪ್ಪ ಎದ್ದ. "ಅಕ್ಕೋರ, ಮುಗದಾವು ಅಂತ ನೀವ್ಯಾಕ ಬರೀಲಿಲ್ರಿ?" ಎಂದ. ಬರೆದಿದ್ದೆನಪ್ಪ, ಹರಿದೆ, ಎಂದೆ. ಅವನು ಕೂತು ಹಲಗೆಯ ಮೇಲಿನ ಮಾತನ್ನು ತನ್ನ ವಹಿಯಲ್ಲಿ ಬರೆದುಕೊಂಡ.

ಮರುದಿನ ಶನಿವಾರ ಬೆಳಗಿನ ಶಾಲೆ. ವರ್ಗಕ್ಕೆ ಹೋದರೆ ನನ್ನ ಮೇಜಿನ ಮೇಲೆ ಕಾಗದಗಳು. ಹುಡುಗರು ರಾತ್ರಿ ತಮ್ಮ ತಮ್ಮ ಅವ್ವ, ಆಯಿ, ಅತ್ತೆಯರನ್ನು ಕೇಳಿ, ಮನೆಯಲ್ಲಿ ಆಡುವ ಮಾತು ಒಂದು ಕಡೆ, ಅದರ ಅರ್ಥ ಇನ್ನೊಂದು ಕಡೆ ಬರೆದುಕೊಂಡು ಬಂದಿದ್ದರು. ನಾನು ಹೇಳಿರಲಿಲ್ಲ. ಮಿಲಿಟರಿಗೆ ಹೋಗುವವನೊಬ್ಬ, "ನಮ್ಮಾಯಿ ಹೋಗಿ ಬರತೇನಿ ಅನ್ನು, ಹೋಗತೇನಿ ಅನಬ್ಯಾಡ ಅಂತಾಳ್ರಿ, ಇದೂ ಅದರಾಗ ಬರತೈತೇನ್ರಿ?" ಎಂದು ಕೇಳಿದ. ಕಂಪೌಂಡರರಾಗುವ ನಾಲ್ವರೂ ಸೇರಿ ರೋಗಿಗಳು ಆಡುವ ಮಾತುಗಳನ್ನೇ ಒಂದು ಹಾಳೆ ತುಂಬ ಬರೆದಿದ್ದರು. ನಾಲ್ಕೂವರೆ ವರ್ಷದಲ್ಲಿ ನನ್ನ ವರ್ಗ ಹಾಗೆ ಎಂದೂ ನಡೆದಿರಲಿಲ್ಲ ಕರಬಸು. ಒಬ್ಬನ ಪುಸ್ತಕದಲ್ಲೂ ಬೀಜಗಣಿತ ಇರಲಿಲ್ಲ. ನಾನು ಕಾಲೇಜು ಬಿಡುವಾಗ ಕಂಡ ಕನಸು ಅದೇ ಆಗಿತ್ತು. ಹಾಳೆಗಳನ್ನು ಎಣಿಸುತ್ತ, ಇದಕ್ಕೆ ಸಾವಂತ್ರಿ ಸಾಯಬೇಕಾಗಿತ್ತೇ ಎಂದು ಅನ್ನಿಸಿ, ತಲೆನೋವೆಂದು ಹೇಳಿ ಹೊರಗೆ ಬಂದೆ. ನಾಲ್ಕು ವರ್ಷದ ಹಿಂದೆ ಮೂರನೆಯ ಬೆಂಚಿನ ಹತ್ತಿರ ಅರ್ಧ ನಿಮಿಷ ನಿಂತಿದ್ದರೆ ಸಾಕಿತ್ತು.

ಡಾಕ್ಟರಿಗೆ ನಿನ್ನೆಯೇ ಬರೆದು ಹಾಕಿದ್ದೇನೆ: ಚೀಟಿ ನನ್ನದು, ಮಾತು ನನ್ನದು, ನನ್ನ ತಮ್ಮನು ಬರೆದದ್ದನ್ನು ಬರೆದಂತೆ ಓದಿದನು. ಹೊಸ ವರ್ಷದ ತನಕ ನಿನ್ನ ಜಾಗಕ್ಕೆ ಬೇರೆಯವರನ್ನು ಹಾಕುವುದಿಲ್ಲವೆಂದು ಮಲ್ಲೇಶಪ್ಪನವರ ಹತ್ತಿರ ಅಂದಿದ್ದರಂತೆ. ಬಂದರೆ ಇದೆ. ನೀನು ಅಂಡಿಗೆ ಹೊರಲು ಹುಟ್ಟಿದವನಲ್ಲ ಎಂದು ನಾನು ಬರೆಯುವುದಿಲ್ಲ, ಹೊರುವವರೂ ಮನುಷ್ಯರೇ. ಆದರೆ ನಿನ್ನ ಕೈ ಗುಳಿಗೆ ಎಣಿಸುವ ಕೈ.

ಒಂದೇ ಒಂದು ಮಾತು ಒಳಗೆ ಉಳಿದಿದೆ, ಅದನ್ನೂ ಬರೆದುಬಿಡುತ್ತೇನೆ, ಸಿಟ್ಟು ಮಾಡಬೇಡ. ಬಾಣಂತಿಗೆ ಗುಳಿಗೆ ಹೆಚ್ಚಾಗಿವೆ ಎಂದು ಹೇಳಲು ಯಾರಾದರೂ ನಾಲ್ಕು ಮೈಲು ಆಳು ಕಳಿಸುತ್ತಾರೆಯೇ? ಚೀಟಿ ನೋಡಿ ನಿನಗೆ ಸಂಶಯ ಬರಲಿಲ್ಲವೇ? ಬಂದಿದ್ದರೆ ಒಂದು ಮಾತು ಕೇಳಬಹುದಿತ್ತಲ್ಲ. ಅಕ್ಕ ಬರೆದದ್ದು, ಅಕ್ಕನ ಕನ್ನಡ ತಪ್ಪುವುದಿಲ್ಲ ಎಂದು ನಂಬಿಬಿಟ್ಟೆಯಾ? ರಾತ್ರಿ ಎಚ್ಚರವಾದಾಗಲೆಲ್ಲ ಇದೊಂದೇ ನನ್ನನ್ನು ತಿನ್ನುತ್ತದೆ. ಉತ್ತರ ಕೊಡಲೇಬೇಕೆಂದಿಲ್ಲ.

ಅಪ್ಪನ ಆಶೀರ್ವಾದವಿದೆ, ಅವರು ಹೇಳದಿದ್ದರೂ. ಓಣಿಯವರೆಲ್ಲ ಕೇಳುತ್ತಾರೆ. ಕಿವಿಯನ್ನು ಅಲಕ್ಷ್ಯ ಮಾಡಬೇಡ. ಶಿವನು ನಿನ್ನನ್ನು ಎಲ್ಲಿದ್ದರೂ ಕಾಯಲಿ.

ನಿನ್ನ ಅಕ್ಕ,
ಸುಶೀಲಾ

ತಾ.ಕ.: ಸೋಮವಾರ ಮಧ್ಯಾಹ್ನ. ಟಪಾಲು ಹೋಗಲು ಅರ್ಧ ತಾಸಿದೆ, ಅಕ್ಷರ ಕೆಟ್ಟರೆ ಓದಿಕೋ. ಬೆಳಿಗ್ಗೆ ಶಿವಬಸವ್ವ ಕೂಸನ್ನು ಎತ್ತಿಕೊಂಡು ಸವಣೂರಿನ ನೆಂಟರ ಮನೆಗೆ ಹೋಗುವಾಗ ಇಲ್ಲಿ ಇಳಿದು ಶಾಲೆಗೆ ಬಂದಿದ್ದರು. ಎಲೆ ಅಡಿಕೆಯ ಚೀಲದಿಂದ ಒಂದು ಮಡಚಿದ ಕಾಗದ ತೆಗೆದು, "ಲಕ್ಕಪ್ಪ ಅವತ್ತ ದವಾಖಾನಿಂದ ತಂದದ್ದಿದು. ಡಾಕ್ಟರಗ ತೋರಸೂ ಕಾಗದ ಅಂತ ಕುಂಕುಮದ ಭರಣಿ ಕೆಳಗ ಇಟ್ಟಿದ್ದೆ. ತೋರಸೂದ ಆಗಲಿಲ್ಲ. ಒಗ್ಯಾಕ ಮನಸು ಬರವಲ್ದು. ನಿನ್ನ ಅಕ್ಷರ ಐತಿ, ನೀನ ಇಟಗೋ" ಎಂದು ಕೊಟ್ಟರು. ನನ್ನದೇ ಚೀಟಿ. ತಿರುಗಿಸಿದೆ. ಹಿಂದೆ ನಿನ್ನ ಅಕ್ಷರ.

'ಅಕ್ಕಾ, ಹೆಚ್ಚಾಗಿವೆ ಎಂದರೆ ಉಳಿದಿವೆ ಎಂದೋ, ಬೇರೆ ಏನೋ? ನಿನ್ನ ಮಾತು ನನಗೆ ಪೂರ್ತಿ ತಿಳಿಯಲಿಲ್ಲ. ಉಳಿದಿದ್ದರೆ ಗುರುವಾರದ ತನಕ ಅವನ್ನೇ ಕೊಡಿರಿ. ಮುಗಿದಿದ್ದರೆ ಲಕ್ಕಪ್ಪನನ್ನು ಈಗಿಂದೀಗಲೇ ತಿರುಗಿ ಕಳಿಸು, ಇಪ್ಪತ್ತು ಗುಳಿಗೆ ಕಟ್ಟಿ ಇಟ್ಟಿದ್ದೇನೆ. ಸುಮ್ಮನೆ ಕೊಟ್ಟರೆ ಎರಡು ಪಟ್ಟು ಕೊಟ್ಟಾರೆಂದು ಹೆದರಿಕೆ. ಉತ್ತರ ಬರೆ, ದಾರಿ ನೋಡುತ್ತಿರುತ್ತೇನೆ.'

ನೀನು ಕೇಳಿದ್ದೆ. ಒಂದು ಒತ್ತಕ್ಷರವೂ ತಪ್ಪಿಲ್ಲ. ನೀನು ದಾರಿ ನೋಡಿದೆ, ಅಕ್ಕ ಓದಿಯೂ ಸುಮ್ಮನಿದ್ದಾಳೆ ಎಂದುಕೊಂಡೆ, ಅದಕ್ಕೇ ಕಾರ್ಡಿನಲ್ಲಿ ಒಂದೇ ಶಬ್ದ. ನಾನು ಅಲ್ಲಿರಲಿಲ್ಲ ಕರಬಸು. ನಸುಕಿನಲ್ಲೇ ಮೋಟಾರು ಹತ್ತಿದ್ದೆ. ಊರಿನ ಮಾಸ್ತರರು ಸೂಟಿ ಮುಗಿಸಿ ಬಂದಿರಲಿಲ್ಲ. ಆ ಮನೆಯಲ್ಲಿ ಓದಲು ಬರುತ್ತಿದ್ದವಳು ಸಾವಂತ್ರಿಯೊಬ್ಬಳೇ; ಬಾಣಂತಿ ಕಣ್ಣಿಗೆ ದಣಿವಾಗುತ್ತದೆಂದು ಅವಳಿಗೆ ತೋರಿಸಲಿಲ್ಲವಂತೆ. ನಿನ್ನ ಚೀಟಿಯನ್ನು ನಾನು ಓದಿದ್ದು ಇವತ್ತು, ನಲವತ್ತೆರಡು ದಿನದ ಮೇಲೆ. "ಏನ ಬರದೈತವ್ವಾ ಅದರಾಗ?" ಎಂದು ಶಿವಬಸವ್ವ ಕೇಳಿದರು. ಕೂಸು ಅವರ ತೊಡೆಯ ಮೇಲೆ ಮಲಗಿತ್ತು. ಗುರುವಾರ ಡಾಕ್ಟರು ಬರುತ್ತಾರೆ ಎಂದು ಬರೆದಿದ್ದಾನೆ, ಎಂದೆ. ನೀನೂ ಎಂದೆಂದಿಗೂ ಹಾಗೇ ಹೇಳು.

ಟಪಾಲಿನವ ನಿಂತಿದ್ದಾನೆ. ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಗುಳಿಗೆ ಮುಗಿದಿವೆ. ನೀನೇ ಬಾ.